ಪುಸ್ತಿಕೆಯಲ್ಲಿ ಅಚ್ಚಾದ ಫೋಟೊ

ತೊಂಬತ್ತರ ದಶಕದ ಕೊನೆಯಲ್ಲಿ, ಕೊಲ್ಲಿ ನಾಡಿನ ಸಾಲ್ಮಿಯಾದ ಬಾಡಿಗೆ ಫ್ಲ್ಯಾಟುಗಳಲ್ಲಿದ್ದ ನಾವು ಏಳು ಮಂದಿ ಕನ್ನಡದ ಹೆಂಗಸರು ಸೇರಿ ಒಂದು ಸಂಘ ಕಟ್ಟಿದೆವು. ಅಧ್ಯಕ್ಷೆ ಅಮೆರಿಕದಲ್ಲಿ ಓದಿ ಬಂದವರು. ಅಲ್ಲಿನ ಕಾಲೇಜುಗಳಲ್ಲಿ ಹುಡುಗಿಯರು ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡು ಸಂಘ ಮಾಡಿ ಸೇವೆಗಿಳಿಯುತ್ತಾರಂತೆ. ನಮ್ಮದಕ್ಕೂ ಎರಡು ಗ್ರೀಕ್ ಅಕ್ಷರಗಳೇ ಹೆಸರಾದವು. ನಾನು ಕಾರ್ಯದರ್ಶಿ. ನೋಟಿಸು ಅಂಟಿಸಲು ಹೋದಾಗ ದಿನಸಿ ಅಂಗಡಿಯ ಬ್ಯಾರಿ ಸಾಹೇಬರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಲೆಕ್ಕದ ಟ್ಯೂಷನ್ನಾ ಮೇಡಂ?" ಎಂದು ಕೇಳಿದ್ದರು.

ನಮ್ಮನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಹಳೆಯ ಸಂಘಗಳವರು ಕಾರ್ಯಕ್ರಮಕ್ಕೆ ಕರೆದರೂ ಹಿಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ನಾವು ಮಾಡುತ್ತಿದ್ದ ಒಂದೇ ಒಂದು ನಿಜವಾದ ಕೆಲಸವೆಂದರೆ ಶುಕ್ರವಾರದ ಅಕ್ಷರ ತರಗತಿ. ನನ್ನ ಮನೆಯ ಹಾಲ್‌ನಲ್ಲಿ, ರಜೆ ಸಿಕ್ಕ ಮನೆಗೆಲಸದ ನಾಲ್ಕೈದು ಹೆಂಗಸರಿಗೆ ಕನ್ನಡ ಓದು ಬರಹ ಕಲಿಸುತ್ತಿದ್ದೆವು.

ಅವರಲ್ಲಿ ಒಬ್ಬಳು ರುಮೈಥಿಯಾದ ಮನೆಯೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ತುಳು ಮಾತಿನವಳು, ನಲವತ್ತರ ಹತ್ತಿರದ ವಯಸ್ಸು. ಅವಳ ಮಗಳು ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅಮ್ಮ ಆಸ್ಪತ್ರೆಯ ಕಚೇರಿಯಲ್ಲಿದ್ದಾಳೆ ಎಂದೇ ಮಗಳು ನಂಬಿದ್ದಳು. ಅವಳಿಗೆ ಹೋಗುವ ಕಾಗದಗಳನ್ನು ಬೇರೆ ಯಾರೋ ಬರೆದುಕೊಡುತ್ತಿದ್ದರು. "ಒಂದು ಕಾಗದ ನನ್ನ ಕೈಯಲ್ಲೇ ಬರೀಬೇಕು ಅಕ್ಕ, ಅಷ್ಟು ಸಾಕು" ಎನ್ನುತ್ತಿದ್ದಳು.

ಒಂದು ಶುಕ್ರವಾರ ಅವಳು ನಾಲಿಗೆ ಕಚ್ಚಿಕೊಂಡು 'ಮಗಳು' ಎಂದು ಬರೆಯುತ್ತಿದ್ದಾಗ ನಾನು ಫೋಟೊ ತೆಗೆದೆ. ಅವಳು ತಲೆ ಎತ್ತಿದಳು.

"ಇದು ಎಲ್ಲಿಗೂ ಹೋಗುದಿಲ್ಲ ಅಲ್ವಾ ಅಕ್ಕ?"

"ಇಲ್ಲ, ನಮ್ಮ ಹತ್ತಿರವೇ ಇರುತ್ತೆ" ಎಂದೆ. ಹಾಗೆ ಹೇಳುವಾಗ ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ.

ಎರಡು ತಿಂಗಳ ನಂತರ, ಸಂಘದ ಕೆಲಸ ನಾಲ್ಕು ಜನಕ್ಕೆ ತಿಳಿಯಲೆಂದು ಒಂದು ಪುಸ್ತಿಕೆ ಅಚ್ಚು ಹಾಕಿಸಿದೆವು. ಫೋಟೊ ಬೇಕೆಂದರು ಅಧ್ಯಕ್ಷೆ. ಇದ್ದವುಗಳಲ್ಲಿ ಅದೇ ಚೆನ್ನಾಗಿತ್ತು. 'ಅಕ್ಷರ ಕಲಿಯುತ್ತಿರುವ ಮನೆಗೆಲಸದ ಸಹೋದರಿ' ಎಂದು ಕೆಳಗೆ ಬರೆದವಳೂ ನಾನೇ. "ಅವಳು ಒಪ್ಪಿದ್ದಾಳಾ?" ಎಂದು ಒಬ್ಬರು ಕೇಳಿದಾಗ ಹೌದೆಂದು ತಲೆಯಾಡಿಸಿದೆ.

ಪುಸ್ತಿಕೆಗೆ ಹೊಗಳಿಕೆ ಬಂತು. ಊರಿಗೆ ಹೋಗುವವರ ಸೂಟ್‌ಕೇಸುಗಳಲ್ಲಿ ಮಂಗಳೂರಿಗೂ ಹೋಯಿತು. ಅವಳು ಮಾತ್ರ ತರಗತಿಗೆ ಬರುವುದನ್ನು ನಿಲ್ಲಿಸಿದಳು. ರಜೆ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆವು.

ಮುಂದಿನ ಸಭೆಗೆ ಜಹ್ರಾದ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದ, ಉಡುಪಿ ಕಡೆಯ ಹಿರಿಯರೊಬ್ಬರು ಬಂದರು. ಅವರು ನಮ್ಮ ಸದಸ್ಯೆಯಲ್ಲ, ಆ ಅಡುಗೆಯವಳ ಪರಿಚಯದವರು. ಪುಸ್ತಿಕೆಯನ್ನು ಮೇಜಿನ ಮೇಲಿಟ್ಟು ನಿಂತೇ ಮಾತಾಡಿದರು. "ಇದನ್ನು ಅವಳ ಮಗಳಿಗೆ ಹಾಸ್ಟೆಲಿನಲ್ಲಿ ಯಾರೋ ತೋರಿಸಿದ್ದಾರೆ. ಆ ಹುಡುಗಿ ಈಗ ಫೋನಿಗೆ ಬರುದಿಲ್ಲ. ನೀವು ಕಲಿಸ್ಲಿಕ್ಕೆ ಕರೆದದ್ದಾ, ತೋರಿಸ್ಲಿಕ್ಕೆ ಕರೆದದ್ದಾ?"

ಉತ್ತರ ಕೊಡಬೇಕಾದವಳು ನಾನು. ನನ್ನ ಬಾಯಲ್ಲಿ ಬಂದದ್ದು ಇದು: "ಹೊಸ ಸಂಘ ಮೇಲೆ ಬರೋದು ಕೆಲವರಿಗೆ ಸಹಿಸೋಕಾಗಲ್ಲ. ಅವಳನ್ನ ಕೇಳಿಯೇ ಹಾಕಿದ್ದೇವೆ."

ಅವರು ಪುಸ್ತಿಕೆಯನ್ನು ಮೇಜಿನ ಮೇಲೇ ಬಿಟ್ಟರು. "ಆಯ್ತು ಮಾರಾಯ್ತಿ" ಎಂದು ಹೊರಟುಹೋದರು. ಉಳಿದವರು ನನ್ನ ಬೆನ್ನು ತಟ್ಟಿದರು.

ಆ ಶುಕ್ರವಾರ ತರಗತಿಯನ್ನು ಬೇರೆಯವರಿಗೆ ವಹಿಸಿ ಟ್ಯಾಕ್ಸಿಯಲ್ಲಿ ರುಮೈಥಿಯಾಕ್ಕೆ ಹೋದೆ. ಅವಳು ಕೈ ಒರೆಸಿಕೊಳ್ಳುತ್ತಾ ಹಿಂಬಾಗಿಲಿಗೆ ಬಂದಳು. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ.

"ಅಡುಗೆ ಕೆಲಸಕ್ಕೆ ಮಗಳಿಗೆ ಬೇಜಾರಿಲ್ಲ ಅಕ್ಕ. ಇಷ್ಟು ವರ್ಷ ಕಾಗದ ನಾನೇ ಬರೆದದ್ದು ಅಂತ ಹೇಳಿದ್ದೆನಲ್ಲ, ಅದಕ್ಕೆ ಅಳ್ತಾಳಂತೆ. ಇನ್ನು ಯಾವುದು ನಿಜ ಅಂತ ಕೇಳಿದ್ಳಂತೆ."

"ನಾನು ಅವಳಿಗೆ ಬರೆಯಲಾ? ತಪ್ಪು ನನ್ನದು ಅಂತ?"

"ಬೇಡ. ಇನ್ನೊಬ್ಬರು ಬರೆದದ್ದು ಸಾಕು."

ಮುಂದಿನ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ಅವಳಿಗೆ ಕೊಟ್ಟ ಮಾತು, ತಲೆಯಾಡಿಸಿದ್ದು, ನರ್ಸಿನ ಮೇಲೆ ಹೊಟ್ಟೆಕಿಚ್ಚಿನ ಅಪವಾದ ಹೊರಿಸಿದ್ದು, ಎಲ್ಲ. ಅಧ್ಯಕ್ಷೆಯ ಮುಖ ಕಪ್ಪಿಟ್ಟಿತು. "ಇದು ಹೊರಗೆ ಹೋದರೆ ನಮ್ಮ ಹೆಸರೇನಾಗಬೇಕು?" ಎಂದರು. ಚರ್ಚೆ ಬಹಳ ಹೊತ್ತು ನಡೆಯಿತು. ಕೊನೆಗೆ, ಉಳಿದ ಪ್ರತಿಗಳನ್ನು ಹಿಂದಕ್ಕೆ ಪಡೆಯುವುದು, ತಪ್ಪಾಯಿತೆಂದು ನೋಟಿಸು ಹಾಕುವುದು ಎಂದಾಯಿತು. ನಾನು ಜಹ್ರಾಕ್ಕೆ ಹೋಗಿ ನರ್ಸಿನ ಕ್ಷಮೆ ಕೇಳಿದೆ. "ನನ್ನನ್ನು ಬಿಡಿ" ಎಂದರು ಅವರು. "ತರಗತಿಯಲ್ಲಿ ಕಲಿಸ್ಲಿಕ್ಕೆ ಜನ ಸಾಕಾ?" ಮರುವಾರದಿಂದ ತಾವೇ ಕಲಿಸಲು ಬಂದರು. ತರಗತಿಗೆ ಕ್ಯಾಮೆರಾ ತರಬಾರದೆಂಬ ನಿಯಮ ಅವರದೇ.

ವಿಚಿತ್ರವೆಂದರೆ, ನಮ್ಮ ಸಂಘಕ್ಕೆ ಮರ್ಯಾದೆ ಬಂದದ್ದು ಆ ನೋಟಿಸಿನಿಂದ. ತಪ್ಪನ್ನು ತಾವಾಗಿ ಒಪ್ಪಿಕೊಂಡ ಹೆಂಗಸರು ಎಂದು ಜನ ಮಾತಾಡಿಕೊಂಡರು. ತರಗತಿಗೆ ಹತ್ತಾರು ಮಂದಿ ಹೊಸಬರು ಬಂದರು. ಹಳೆಯ ಸಂಘವೊಂದು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿತು. ಬೇಡವೆನ್ನಬಹುದಿತ್ತು. ಅನ್ನಲಿಲ್ಲ, ಹೊದ್ದುಕೊಂಡು ಚಪ್ಪಾಳೆಗೆ ಕೈ ಮುಗಿದೆ.

ಅವಳು ಮತ್ತೆ ತರಗತಿಗೆ ಬರಲಿಲ್ಲ. ಮರುವರ್ಷ ಕೆಲಸ ಬಿಟ್ಟು ಊರಿಗೆ ಹೋದಳೆಂದು ನರ್ಸ್ ಹೇಳಿದರು. ಮಗಳು ವಿಮಾನ ನಿಲ್ದಾಣಕ್ಕೆ ಬಂದಿದ್ದಳೇ ಎಂದು ಕೇಳಿದೆ. ಗೊತ್ತಿಲ್ಲವೆಂದರು.