ದೋಣಿಯ ಪಂಪಿನಲ್ಲಿ ಉಣ್ಣೆ

ಮೊಳಕಾಲ್ಮೂರಿನ ಹತ್ತಿರದ ಜಲಾಶಯದ ನಡುವೆ ನಮ್ಮ ಪುಟ್ಟ ದೋಣಿಯ ತಳದಲ್ಲಿ ನೀರು ಏರತೊಡಗಿತು. ನೀರೆತ್ತುವ ಪಂಪು ಗುಂಯ್‌ಗುಟ್ಟುತ್ತಿದ್ದರೂ ಪೈಪಿನಿಂದ ಹನಿಯೂ ಬರುತ್ತಿರಲಿಲ್ಲ. ನನಗೆ ಈಜು ಬಾರದು. ಎದುರು ಕೂತಿದ್ದ ಸೀರೆ ನೇಯುವ ಲಕ್ಷ್ಮಕ್ಕ ತಮ್ಮ ಬುತ್ತಿಯ ಅನ್ನವನ್ನು ಸೆರಗಿಗೆ ಸುರಿದುಕೊಂಡು ಖಾಲಿ ಡಬ್ಬಿಯನ್ನು ನನ್ನ ಕೈಗಿಟ್ಟರು.

"ಹೆದ್ರಬ್ಯಾಡ್ರಿ, ನೀರು ಎತ್ತಿ ಹಾಕ್ರಿ."

ನಾನು ಮೊಗೆದು ಚೆಲ್ಲುತ್ತಿದ್ದಂತೆ ದೋಣಿ ನಡೆಸುತ್ತಿದ್ದ ತಿಪ್ಪಣ್ಣ ಪಂಪು ನಿಲ್ಲಿಸಿ ಅದರ ಜಾಲರಿ ಬಿಚ್ಚಿದ. ಒಳಗೆ ಒಂದು ಹಿಡಿ ಉಣ್ಣೆ!

"ಬೆಳಿಗ್ಗೆ ಕುರಿ ದಾಟ್ಸಿದ್ದೆ, ಅವುಗಳ್ದೇ ಇದು," ಎಂದ. ಜಾಲರಿ ತೊಳೆದು ಕೂರಿಸಿ ಸ್ವಿಚ್ಚು ಹಾಕಿದ ಕೂಡಲೇ ನೀರು ಭರ್ರನೆ ಹೊರಗೆ ಚಿಮ್ಮಿತು.

ದಡ ಮುಟ್ಟಿದರೂ ನಾನು ದೋಣಿಯ ಅಂಚು ಹಿಡಿದೇ ಕೂತಿದ್ದೆ. ಲಕ್ಷ್ಮಕ್ಕ ಕೈ ಹಿಡಿದು ಇಳಿಸಿದರು.

"ನೆಲ ಐತೆ, ಕಾಲಿಡ್ರಿ."

ಒಣ ಮಣ್ಣು ಸಿಗುವವರೆಗೂ ಅವರು ಕೈ ಬಿಡಲಿಲ್ಲ. ನಾನು ಅವರಿಗೆ ಕೈಮುಗಿದೆ.