ಪಂಡಿತರ ಜಾಗ

ಕಾಫಿಪುಡಿಗೆ ಚಿಕೋರಿ ಬೆರೆಸುವಾಗ ಏಳುವ ಆ ಸೀದ ಸಿಹಿ ವಾಸನೆ ನಿಮಗೂ ಗೊತ್ತಿರಬಹುದು. ಮುಂಬಯಿಯ ಪಾರ್ಲೆ ಸ್ಟೇಷನ್ನಿನ ಹೊರಗೆ ಒಂದು ಅಂಗಡಿಯಲ್ಲಿ ಈಗಲೂ ಬೀಜವನ್ನು ಕಣ್ಣೆದುರೇ ಪುಡಿ ಮಾಡಿ ಕೊಡುತ್ತಾರೆ. ಮೊನ್ನೆ ಅಲ್ಲಿ ನಿಂತಿದ್ದಾಗ ಅಂಗಡಿಯವನು ದೊಡ್ಡ ತಗಡಿನ ಡಬ್ಬವೊಂದರ ಮುಚ್ಚಳ ತೆಗೆದ. ನನಗೆ ಕಾಫಿ ನೆನಪಾಗಲಿಲ್ಲ. ಅಂಥದೇ ಡಬ್ಬದೊಳಗೆ ಕೈ ಹಾಕಿದರೆ ಬೆರಳಿಗೆ ತಾಗುತ್ತಿದ್ದ ಹಿತ್ತಾಳೆಯ ಟೋಕನ್ನುಗಳು ನೆನಪಾದವು. ಅವುಗಳ ಹಿಂದೆಯೇ ನಮ್ಮ ಹಳೆಯ ಮನೆ, ಚಿಕ್ಕಪ್ಪ, ಕಿಟಕಿಯ ಪಕ್ಕ ಮಡಚಿಟ್ಟ ಹಾಸಿಗೆಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಶಾಲಿನಿ. ಅವಳನ್ನು ನೆನೆದ ಕೂಡಲೇ, ಐವತ್ತು ದಾಟಿದ ಈ ವಯಸ್ಸಿನಲ್ಲೂ, ನನ್ನ ಹೊಟ್ಟೆ ಸಣ್ಣಗೆ ಉರಿಯಿತು. ಅರ್ಧ ಕಿಲೋ ಪುಡಿ ಕಟ್ಟಿಸಿಕೊಂಡು ಮನೆಗೆ ಬಂದೆ.

ಆ ಮನೆಯೆಂದರೆ ಪಾರ್ಲೆ ಪೂರ್ವದ ಒಂದು ಹಳೆಯ ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿದ್ದ ಎರಡು ಕೋಣೆಗಳು. ಅಪ್ಪ ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರು. ನಾವು ಏಳುವ ಮೊದಲೇ ಲೋಕಲ್ ಹಿಡಿದು ಹೋದವರು ಸಾಂಬಾರಿನ ವಾಸನೆಯ ಅಂಗಿಯಲ್ಲಿ ವಾಪಸಾಗುತ್ತಿದ್ದರು, ಸುಸ್ತಾಗಿ, ಮಾತಿಲ್ಲದೆ. ಹಾಗಾಗಿ ನನ್ನ ಒಡಹುಟ್ಟಿದ ಗಣೇಶಣ್ಣನಿಗೂ ನನಗೂ ಮನೆಯ ಗಂಡಸು ಎಂದರೆ ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ. ಮದುವೆಯಾಗದ ಅವರಿಗೆ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಪಾಳಿಯ ಕೆಲಸ. ವಿಮಾನಗಳು ನಮ್ಮ ತಾರಸಿಯನ್ನು ಸವರಿಕೊಂಡೇ ಹೋಗುತ್ತಿದ್ದವೇನೋ ಅನ್ನಿಸುತ್ತಿತ್ತು. ಒಂದು ಬಂತೆಂದರೆ ಚಿಕ್ಕಪ್ಪ ಆಡುತ್ತಿದ್ದ ಮಾತನ್ನು ಅಲ್ಲಿಗೇ ತಡೆದು, ಬೆರಳೆತ್ತಿ, ಸದ್ದು ಕರಗುವವರೆಗೆ ಕಾದು, ನಿಂತ ಶಬ್ದದಿಂದಲೇ ಮುಂದುವರಿಸುತ್ತಿದ್ದರು. ಅವರು ಬೆರಳೆತ್ತಿ ಕಾಯುವಾಗ ನನ್ನತ್ತ ನೋಡಿ ಹುಬ್ಬು ಹಾರಿಸುತ್ತಿದ್ದರು. ಶಾಲಿನಿ ಬರುವವರೆಗೆ ಆ ಹುಬ್ಬು ನನ್ನೊಬ್ಬಳ ಸೊತ್ತಾಗಿತ್ತು.

ಶಾಲಿನಿ ನನ್ನ ಅತ್ತೆಯ ಮಗಳು, ನನ್ನದೇ ಓರಗೆಯವಳು. ಅವರ ಮನೆ ಮುಂಬಯಿಯದೇ ಇನ್ನೊಂದು ಕಡೆ, ಭಾಂಡುಪಿನಲ್ಲಿ. ಮಾವ ಕೆಲಸಕ್ಕಿದ್ದ ಫ್ಯಾಕ್ಟರಿ ಬಾಗಿಲು ಹಾಕಿತು, ಅವರು ಕೆಲಸ ಹುಡುಕಿಕೊಂಡು ಗುಜರಾತಿನ ಕಡೆ ಹೋದರು, ಅತ್ತೆ ಹೊಲಿಗೆಗೆ ಕೂತರು, ಇವಳನ್ನು ನಮ್ಮಲ್ಲಿ ತಂದು ಬಿಟ್ಟರು. ಸ್ವಲ್ಪ ದಿನದ ಮಟ್ಟಿಗೆ ಅಂದದ್ದು ಅವಳು ಹತ್ತನೆಯ ಕ್ಲಾಸು ಮುಗಿಸುವವರೆಗೆ ಎಳೆಯಿತು. ಬಂದ ಹೊಸದರಲ್ಲಿ ಅವಳು ಬಾಯಿಯೇ ಬಿಡುತ್ತಿರಲಿಲ್ಲ. ಊಟ ಬೇಕಾ ಎಂದರೆ ತಲೆಯಾಡಿಸುವುದು, ಬೇಡವಾ ಎಂದರೂ ತಲೆಯಾಡಿಸುವುದು. ಶಾಲೆಯಲ್ಲಿ ಹಾಜರಿ ಕರೆದಾಗಲೂ ಕೈಯೆತ್ತಿ ಸುಮ್ಮನಿರುತ್ತಿದ್ದಳು. ನನ್ನ ಕಪಾಟಿನ ಅರ್ಧ, ಚಾಪೆಯ ಅರ್ಧ ಅವಳದಾಯಿತು. ಅಮ್ಮ ಬೆಳಿಗ್ಗೆ ಅವಳ ಜಡೆಯನ್ನೇ ಮೊದಲು ಹಾಕಿ, ಉಳಿದ ಅವಸರದಲ್ಲಿ ನನ್ನದನ್ನು ಎಳೆದು ಕಟ್ಟುತ್ತಿದ್ದಳು. ಇದ್ಯಾವುದಕ್ಕೂ ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ.

ಅದೇ ಸುಮಾರಿಗೆ ಚಿಕ್ಕಪ್ಪ ಫೋರ್ಟ್ ಪ್ರದೇಶದ ಫುಟ್‌ಪಾತಿನ ಹಳೆ ಪುಸ್ತಕಗಳ ರಾಶಿಯಿಂದ ಒಂದು ತೆಳ್ಳಗಿನ ಇಂಗ್ಲಿಷ್ ಪುಸ್ತಕ ತಂದರು. ಹೊದಿಕೆಯ ಮೇಲೆ ರೆಕ್ಕೆಯಿರುವ ಒಂದು ಪ್ರಾಣಿ, ಅದರೆದುರು ಕತ್ತಿ ಹಿಡಿದವನು. ಅದು ಪರದೇಶದ ಆಟವೊಂದರ ನಿಯಮಗಳ ಪುಸ್ತಕ. ಆ ಆಟಕ್ಕೆ ಹಲಗೆಯೂ ಇಲ್ಲ, ಕಾಯಿಗಳೂ ಇಲ್ಲ. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಹೊಕ್ಕು ಗುಹೆ, ಕೋಟೆ ಎಲ್ಲ ಸುತ್ತಬೇಕು. ಹೊಡೆತ ತಾಗಿತೋ ಇಲ್ಲವೋ ಎಂದು ತಿಳಿಯಲು ಹಲವು ಮುಖಗಳ ದಾಳ ಬೇಕಿತ್ತು. ಅಂಥದ್ದು ಆಗ ಮುಂಬಯಿಯಲ್ಲಿ ಎಲ್ಲಿ ಸಿಗಬೇಕು? ಅಪ್ಪನ ಹೋಟೆಲಿನಲ್ಲಿ ಬಳಕೆ ತಪ್ಪಿದ ನಂಬರಿನ ಟೋಕನ್ನುಗಳಿದ್ದವು, ಅವನ್ನು ಖಾಲಿ ಕಾಫಿಪುಡಿ ಡಬ್ಬಕ್ಕೆ ಸುರಿದು ಕುಲುಕಿ ಒಂದನ್ನು ಎತ್ತುತ್ತಿದ್ದೆವು. ಮನೆಯಲ್ಲಿ ನಮ್ಮದು ತುಳು, ಬೀದಿಯಲ್ಲಿ ಹಿಂದಿ. ಆಟ ಮಾತ್ರ ಕನ್ನಡದಲ್ಲಿ ನಡೆಯುತ್ತಿತ್ತು, ಏಕೆಂದರೆ ಕನ್ನಡದ ರಾತ್ರಿಶಾಲೆಯಲ್ಲಿ ಓದಿದ್ದ ಚಿಕ್ಕಪ್ಪನಿಗೆ ರಾಜ ರಾಕ್ಷಸರೆಲ್ಲ ಯಕ್ಷಗಾನದ ಅರ್ಥಗಾರಿಕೆಯಲ್ಲೇ ಮಾತಾಡಬೇಕು. ಅವರ ರಜೆಯ ಮಧ್ಯಾಹ್ನಗಳಲ್ಲಿ, ಅಮ್ಮ ಮಲಗಿರುವಾಗ, ಒಳಕೋಣೆಯೇ ನಮ್ಮ ಗುಹೆ.

ಗಣೇಶಣ್ಣ ಸೈನಿಕ. ನಾನು ಬಿಲ್ಲುಗಾತಿ. ಶಾಲಿನಿ ಪಂಡಿತರು. ಹೌದು, ಬಹುವಚನ. ಚಿಕ್ಕಪ್ಪ ಪುಸ್ತಕ ತೆರೆದು ಪಂಡಿತರ ನಿಯಮಗಳನ್ನು ಗಂಭೀರವಾಗಿ ಓದಿ ಹೇಳಿದ್ದರು. ಪಂಡಿತರು ಗುಹೆಗೆ ಬರುವುದಿಲ್ಲ, ಆಯುಧ ಮುಟ್ಟುವುದಿಲ್ಲ. ಸಂಶಯ ಬಂದರೆ ನಾವೇ ಗುಹೆ ಬಿಟ್ಟು ಅವರಿದ್ದಲ್ಲಿಗೆ ಬರಬೇಕು, ಬರಿಗೈಯಲ್ಲಿ ಬರುವಂತಿಲ್ಲ. ಅವರು ಯೋಚಿಸುವಾಗ ಯಾರಾದರೂ ಬಾಯಿ ಹಾಕಿದರೆ ಕಾಯುವ ಹೊತ್ತು ಇನ್ನಷ್ಟು ಲಂಬಿಸುತ್ತದೆ. ತಮ್ಮ ವಿದ್ಯೆಯ ವಿಷಯವಾದರೆ ಉತ್ತರ ಹೇಳುತ್ತಾರೆ. ಹೊರಗಿನದಾದರೆ ಟೋಕನ್ ಎತ್ತುತ್ತಾರೆ, ದೊಡ್ಡ ಅಂಕಿ ಬಂದರೆ ಗೊತ್ತಿಲ್ಲ ಎನ್ನುತ್ತಾರೆ. ಹಾಗೆಂದರೆ ಯಾರೂ ನಗಬಾರದು. ಹೀಗೆ ನಾನು ನನ್ನ ಪಾಲಿನ ಚಕ್ಕುಲಿಯನ್ನು ಅವಳ ಕೈಗಿಟ್ಟು, ಅವಳು ಏರಿ ಕೂತ ಹಾಸಿಗೆಯ ರಾಶಿಯ ಕೆಳಗೆ ನೆಲದ ಮೇಲೆ ಕೂತು, ಅವಳ ಬಾಯಿಯಿಂದ ಒಂದು ಮಾತು ಉದುರುವುದನ್ನು ಕಾಯಬೇಕಿತ್ತು. ಮೊದಮೊದಲು ಅವಳು ಚಕ್ಕುಲಿ ತಿಂದು ತಲೆಯಾಡಿಸುತ್ತಿದ್ದಳು, ಅಷ್ಟೇ. ಒಂದು ಮಧ್ಯಾಹ್ನ, ಗುಹೆಯ ಬಾಯಲ್ಲಿ ಮಲಗಿದ್ದ ಪ್ರಾಣಿಯನ್ನು ದಾಟುವುದು ಹೇಗೆಂದು ಕೇಳಿದಾಗ, ತುಂಬ ಹೊತ್ತು ಕಿಟಕಿಯಾಚೆ ನೋಡಿ, "ಅದಕ್ಕೆ ಉಪ್ಪು ಕಂಡರೆ ಹೆದರಿಕೆ" ಎಂದಳು. ನಮ್ಮ ಮನೆಗೆ ಬಂದ ಮೇಲೆ ಅವಳು ತಾನಾಗಿ ಆಡಿದ ಮೊದಲ ಪೂರಾ ವಾಕ್ಯ ಅದು. ಚಿಕ್ಕಪ್ಪ ಪುಸ್ತಕ ನೋಡಲಿಲ್ಲ, ಡಬ್ಬವನ್ನೂ ಮುಟ್ಟಲಿಲ್ಲ. ಪ್ರಾಣಿ ಉಪ್ಪು ಕಂಡು ಓಡಿಹೋಯಿತು. ನಾನು ಬಿಟ್ಟ ಬಾಣ ತಾಗಬೇಕಾದರೆ ಟೋಕನ್ನಿನ ಅಂಕಿ ಕೃಪೆ ಮಾಡಬೇಕಿತ್ತು. ಅವಳು ಹೇಳಿದ್ದು ಹೇಳಿದ್ದಕ್ಕೇ ನಿಜವಾಗುತ್ತಿತ್ತು.

ನನಗೆ ಆ ಜಾಗ ಬೇಕಿತ್ತು. ಹೊಸ ಫ್ರಾಕಿಗಾಗಲಿ ಸಿನಿಮಾಕ್ಕಾಗಲಿ ನಾನು ಅಷ್ಟು ಆಸೆಪಟ್ಟವಳಲ್ಲ. ಚಿಕ್ಕಪ್ಪ ಮಾತು ನಿಲ್ಲಿಸಿ, ಮುಂದಕ್ಕೆ ಬಾಗಿ, ನಾನೇನು ಹೇಳುತ್ತೇನೆಂದು ಕಾಯಬೇಕಿತ್ತು. ಅವಳೋ "ಮಾಮ" ಎಂದು ಕರೆಯುವುದಕ್ಕೂ ಶುರುಮಾಡಿದ್ದಳು, ಮೆಲ್ಲಗೆ, ಕೊನೆಯ ಅಕ್ಷರ ನುಂಗಿ. ನಾನು ಚಿಕ್ಕಪ್ಪಾ ಎಂದು ಕೂಗಿದರೆ ಅವರು ಬರೇ ಓಗೊಡುತ್ತಿದ್ದರು, ಅವಳು ಮಾಮ ಎಂದರೆ ಇಡೀ ಮೈ ತಿರುಗಿಸುತ್ತಿದ್ದರು. ಒಂದು ಮೇ ರಜೆಯಲ್ಲಿ ಅತ್ತೆ ಬಂದು ಅವಳನ್ನು ಭಾಂಡುಪಿಗೆ ಕರೆದುಕೊಂಡು ಹೋದರು. ನಾನು ಅವಳ ಚೀಲವನ್ನು ಖುಷಿಯಿಂದ ಸ್ಟೇಷನ್ನಿನವರೆಗೆ ಹೊತ್ತೆ. ಮರುದಿನ ಆಟಕ್ಕೆ ಕೂತಾಗ ನೇರ ಹೋಗಿ ಹಾಸಿಗೆಗಳ ಮೇಲೆ ಹತ್ತಿದೆ.

"ಇಳಿ ಮಗಾ," ಎಂದರು ಚಿಕ್ಕಪ್ಪ.

"ಅವಳಿಲ್ವಲ್ಲ. ಇವತ್ತು ನಾನು ಪಂಡಿತರು."

"ಪಂಡಿತರು ಊರಲ್ಲಿಲ್ಲ. ಅವರು ಬರುವವರೆಗೆ ನೀವು ಗುಹೆಯ ಹೊರಗೆ ಕಾಯ್ಬೇಕು. ರೂಲ್ ಹಾಗುಂಟು." ಗದರಲಿಲ್ಲ, ನಗಲೂ ಇಲ್ಲ. ನಾನು ಇಳಿದೆ. ಅವಳು ವಾಪಸಾಗುವವರೆಗೆ ಆ ಹಾಸಿಗೆಯ ರಾಶಿ ಹಗಲೆಲ್ಲ ಖಾಲಿಯೇ ಇತ್ತು. ಗಣೇಶಣ್ಣ ಆಟವನ್ನು ಬಿಟ್ಟು ಕ್ರಿಕೆಟ್ಟಿಗೆ ಓಡಿದ. ನಾನು ಬಾಗಿಲಲ್ಲಿ ಕೂತು ಆ ಖಾಲಿ ಜಾಗವನ್ನೇ ನೋಡುತ್ತ ಕುದಿದೆ. ಮನೆಯಲ್ಲಿರುವ ನನಗಿಂತ ಮನೆಯಲ್ಲಿಲ್ಲದ ಅವಳದೇ ಹೆಚ್ಚುಗಾರಿಕೆ!

ಆಮೇಲೆ ಎಲ್ಲರಿಗೂ ಆಗುವಂತೆಯೇ ನಮಗೂ ಆಯಿತು. ಮಾವ ಕೆಲಸ ಹಿಡಿದು ಹಿಂದಿರುಗಿದರು, ಶಾಲಿನಿ ಭಾಂಡುಪಿಗೆ ಹೋದಳು, ಗಣೇಶಣ್ಣ ಪುಣೆಗೆ. ಪುಸ್ತಕ ಯಾವ ರದ್ದಿಗೆ ಹೋಯಿತೋ. ಅಪ್ಪ ಅಮ್ಮ ತೀರಿಹೋದರು. ಚಿಕ್ಕಪ್ಪ ಕೊನೆಯಲ್ಲಿ ನನ್ನ ಮನೆಯಲ್ಲೇ ಇದ್ದರು, ಕಿವಿ ಪೂರ್ತಿ ಕೆಟ್ಟಿತ್ತು, ವಿಮಾನ ಹೋದದ್ದೂ ತಿಳಿಯುತ್ತಿರಲಿಲ್ಲ. ಅವರು ತೀರಿಕೊಂಡ ಮರುವರ್ಷ ಹಳೆ ಬಿಲ್ಡಿಂಗನ್ನು ಕೆಡವಿ ಟವರ್ ಕಟ್ಟಿದರು. ನಮ್ಮ ಒಳಕೋಣೆಯಿದ್ದ ಎತ್ತರದಲ್ಲಿ ಈಗ ಕಾರುಗಳು ನಿಲ್ಲುತ್ತವೆ.

ಕಾಫಿಪುಡಿ ತಂದ ದಿನ ಇದನ್ನೆಲ್ಲ ಮಗಳು ಅನಘಾಳಿಗೆ ಹೇಳಿದೆ. ಅವಳು ಕಾಲೇಜಿನ ಗೆಳೆಯರ ಜತೆ ಇಂಥದೇ ಆಟವಾಡುತ್ತಾಳೆ, ಅದರ ಹಳೆಯ ಕಾಲದ ವಿಚಿತ್ರ ನಿಯಮಗಳೆಂದರೆ ಅವಳಿಗೆ ಹುಚ್ಚು. ಕಾಯುವುದು, ಬಾಯಿ ಹಾಕಬಾರದೆನ್ನುವುದು, ಗೊತ್ತಿಲ್ಲ ಎನ್ನುವುದು, ಎಲ್ಲಕ್ಕೂ ಹೌದು ಹೌದು ಎಂದು ತಲೆಯಾಡಿಸಿದಳು. ಆಮೇಲೆ ತಡೆದಳು. "ಲೇಕಿನ್ ಅಮ್ಮಾ, ಶಾಲಿನಿ ಮೌಶಿ ಹೇಗೆ ಪಂಡಿತ ಆಗಿದ್ದು? ಪುರಾನಾ ರೂಲ್ಸ್‌ನಲ್ಲಿ ಅದು ಪ್ಲೇಯರ್‌ಗೆ ಇಲ್ಲ. ಪಂಡಿತ ಅಂದ್ರೆ ಕಥೆಯೊಳಗೆ ಬಾಡಿಗೆಗೆ ಸಿಗೋ ಆದ್ಮಿ. ಗೇಮ್ ನಡೆಸೋರೇ ಅವನ ಮಾತು ಮಾತಾಡೋದು. ಆ ಜಾಗದಲ್ಲಿ ಯಾರೂ ಕೂರೋಕೆ ಆಗಲ್ಲ." ಫೋನಿನಲ್ಲಿ ಅಂಥ ಹಳೆಯ ಪುಟವೊಂದನ್ನು ಹುಡುಕಿ ತೋರಿಸಿದಳು. ಚಿಕ್ಕಪ್ಪ ಓದಿ ಹೇಳಿದ್ದೆಲ್ಲ ಅಲ್ಲಿತ್ತು. ಕೂರುವುದಕ್ಕೊಂದು ಜಾಗ ಮಾತ್ರ ಇರಲಿಲ್ಲ.

ಹೊಟ್ಟೆ ತಣ್ಣಗಾಗಬೇಕಿತ್ತು. ಬಾಯಿ ಕಟ್ಟಿಹೋದ ಒಂದು ಮಗುವನ್ನು ಮಾತಾಡಿಸಲು ಅವರು ಹೂಡಿದ ಉಪಾಯವದು ಎಂದು ಅರ್ಥವಾಗದಷ್ಟು ದಡ್ಡಿಯಲ್ಲ ನಾನು. ಆದರೆ ಉರಿ ಮೊದಲಿಗಿಂತ ಜಾಸ್ತಿಯಾಯಿತು. ಪುಸ್ತಕದಲ್ಲಿದ್ದ ಜಾಗ ಅವಳಿಗೆ ಸಿಕ್ಕಿದ್ದರೆ ಅದೃಷ್ಟ ಎಂದುಕೊಳ್ಳಬಹುದಿತ್ತು. ಇಲ್ಲದ ಜಾಗವನ್ನು ಅವಳಿಗೋಸ್ಕರ ಮಾಡಿಟ್ಟಿದ್ದರು ಅವರು. ನಾನು ಮಾತುಗಾತಿ, ಗಟ್ಟಿಗಿತ್ತಿ, ನನಗೆ ಯಾರೂ ಏನನ್ನೂ ಹೊಸದಾಗಿ ಮಾಡಬೇಕಿರಲಿಲ್ಲ. ಮಾಡಲೂ ಇಲ್ಲ.

ತಡೆಯಲಾರದೆ ಶಾಲಿನಿಗೆ ಫೋನು ಮಾಡಿದೆ. ಈಗ ಅವಳು ಭಾಂಡುಪಿನ ತನ್ನ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ಮೀಟಿಂಗಿನಲ್ಲಿ ಮೈಕ್ ಹಿಡಿದರೆ ಬಿಡಿಸುವುದು ಕಷ್ಟ ಎಂದು ಅವಳ ಗಂಡನೇ ಗೋಳಾಡುತ್ತಾನೆ. ಆಟದ ಸುದ್ದಿ ತೆಗೆದೆ.

"ಯಾವ ಆಟ ಮಾರಾಯ್ತಿ? ಟೋಕನ್ ಡಬ್ಬ ಸ್ವಲ್ಪ ನೆನಪುಂಟು," ಎಂದಳು. "ನಾನು ಕಿಟಕಿಯಲ್ಲಿ ನೋಡ್ತಾ ಕೂರ್ತಿದ್ದೆ ಅಲ್ವಾ, ಅಪ್ಪ ಬರ್ತಾರಾ ಅಂತ. ಬೇರೆ ಏನೂ ನೆನಪಿಲ್ಲ."

ಉಪ್ಪು, ಪ್ರಾಣಿ, ನನ್ನ ಚಕ್ಕುಲಿಗಳು, ಒಂದೂ ಇಲ್ಲ. ಇಷ್ಟು ವರ್ಷ ನಾನು ಕಣ್ಣಿಟ್ಟಿದ್ದನ್ನು ಅವಳು ಎಲ್ಲೋ ಮರೆತು ಬಂದಿದ್ದಳು. ಒಂದೊಂದಾಗಿ ನಾನೇ ಹೇಳುತ್ತ ಹೋದೆ. ಬಾಯಿ ಹಾಕದೆ ಕೇಳಿದಳು. ಎಲ್ಲ ಮುಗಿದ ಮೇಲೆ, ಅವಳ ಸ್ವರ ಸಣ್ಣದಾಯಿತು.

"ಅಲ್ಲ ಮಾರಾಯ್ತಿ, ಮಾಮ ನನ್ನನ್ನೇ ಯಾಕೆ ಅಲ್ಲಿ ಕೂರಿಸಿದ್ರು?"

ಹೇಳಬಹುದಿತ್ತು. ಕೇಳಿದರೆ ಅವಳು ಅತ್ತುಬಿಡುತ್ತಿದ್ದಳು. ಆ ಕೋಣೆಯಲ್ಲಿದ್ದವರ ಪೈಕಿ ಚಿಕ್ಕಪ್ಪ ಇಲ್ಲ, ಗಣೇಶಣ್ಣನಿಗೆ ಕ್ರಿಕೆಟ್ ಬಿಟ್ಟು ಬೇರೇನೂ ನೆನಪಿಲ್ಲ, ಚಿಕ್ಕಪ್ಪ ಅವಳಿಗಾಗಿ ಮಾಡಿದ್ದನ್ನು ತಿಳಿದವಳು ನಾನೊಬ್ಬಳೇ.

"ಪುಸ್ತಕದಲ್ಲೇ ಹಾಗಿತ್ತು," ಎಂದೆ.