ಮಣ್ಣು ಮುಟ್ಟದ ಬಟ್ಟಲು

ಮಕ್ಕಳೇ, ನಾನು ನಿಮ್ಮಷ್ಟೇ ಎತ್ತರವಿದ್ದಾಗ ನಾವು ಹನುಮಂತನಗರದ ಹೆಂಚಿನ ಮನೆಯೊಂದರಲ್ಲಿದ್ದೆವು. ಮನೆಯಲ್ಲಿ ಕಸದ ಡಬ್ಬ ಎಂಬುದೇ ಇರಲಿಲ್ಲ. ಹಿತ್ತಲಲ್ಲೊಂದು ಗುಂಡಿ ಇತ್ತು. ಉಂಡ ಬಾಳೆಲೆ, ತರಕಾರಿ ಸಿಪ್ಪೆ, ಪಾತ್ರೆ ಉಜ್ಜಿ ಸವೆದ ತೆಂಗಿನ ನಾರು, ಕೊನೆಗೆ ನೆಲ ಒರೆಸಲಿಕ್ಕೂ ಬಾರದ ಹರುಕು ಬಟ್ಟೆ, ಎಲ್ಲ ಅದರೊಳಗೆ. ವರ್ಷಕ್ಕೊಮ್ಮೆ ಅಪ್ಪ ಅಗೆದರೆ ಕಾಫಿಪುಡಿಯಂಥ ಕಪ್ಪು ಗೊಬ್ಬರ ಬರುತ್ತಿತ್ತು. ಅದನ್ನುಂಡ ದಾಸವಾಳ ದಿನವೂ ದೇವರಿಗೆ ಹೂ ಕೊಡುತ್ತಿತ್ತು.

ಒಮ್ಮೆ ಮದುವೆಯೊಂದರಲ್ಲಿ ಐಸ್‌ಕ್ರೀಮ್ ಕೊಟ್ಟರು. ಬಿಳಿಯ ಪ್ಲಾಸ್ಟಿಕ್ ಬಟ್ಟಲು, ಮೇಲೊಂದು ಕೆಂಪು ಗುಲಾಬಿಯ ಚಿತ್ರ. ತಿಂದವರೆಲ್ಲ ಬಟ್ಟಲನ್ನು ಮೂಲೆಗೆ ಎಸೆಯುತ್ತಿದ್ದರು. ಚೆನ್ನಾಗಿರುವ ಪಾತ್ರೆಯನ್ನು ಯಾರಾದರೂ ಎಸೆಯುತ್ತಾರೆಯೇ? ನನ್ನ ಬಟ್ಟಲನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟು ಮನೆಗೆ ತಂದೆ. ನನ್ನದೇ ಎಂದು ಹೇಳಿಕೊಳ್ಳಲು ಅಲ್ಲಿಯವರೆಗೆ ನನಗೊಂದು ಬಟ್ಟಲೂ ಇರಲಿಲ್ಲ.

ಅಮ್ಮ ಬಾಗಿಲಲ್ಲೇ ತಡೆದಳು. "ಥೂ, ಎಂಜಲು ಬಟ್ಟಲು ಹೊತ್ಕೊಂಡ್ ಬಂದಿದ್ಯಲ್ಲೇ. ದೇವ್ರ ಮನೆ ಕಡೆ ತಲೆ ಹಾಕ್ಬೇಡ. ಮೊದ್ಲು ಗುಂಡಿಗೆ ಹಾಕು."

ಹಾಕಿದೆ. ರಾತ್ರಿ ಊಟ ಬಿಟ್ಟು ಅಳುತ್ತಾ ಕೂತೆ. "ಅದಕ್ಯಾಕೆ ಅಳ್ತೀಯೇ, ಬಾಳೆಲೆ ಥರ ಕರಗಿ ದಾಸವಾಳ ಆಗಿ ಬರುತ್ತೆ" ಎಂದು ಅಕ್ಕ ಸಮಾಧಾನ ಹೇಳಿದಳು. ನಾನು ನಂಬಿದೆ. ಗುಲಾಬಿಯ ಬಟ್ಟಲಿನಿಂದ ಎಂಥ ಹೂ ಬರಬಹುದು ಎಂದು ಯೋಚಿಸುತ್ತಾ ನಿದ್ದೆ ಹೋದೆ.

ಮುಂದಿನ ಯುಗಾದಿಗೆ ಮುಂಚೆ ಅಪ್ಪ ಗುಂಡಿ ಅಗೆದರು. ಒದ್ದೆ ಮಣ್ಣಿನ ವಾಸನೆ ಹಿತ್ತಲೆಲ್ಲ ಹರಡಿತು. ಎಲೆ ಇರಲಿಲ್ಲ, ನಾರು ಇರಲಿಲ್ಲ, ಹರುಕು ಬಟ್ಟೆಯ ಒಂದು ಎಳೆಯೂ ಇರಲಿಲ್ಲ. ಗುದ್ದಲಿಗೆ ಟಕ್ಕೆಂದು ಏನೋ ತಗುಲಿತು. ಬಟ್ಟಲು. ಅಪ್ಪ ಒಂದು ಚೊಂಬು ನೀರು ಸುರಿದರು. ಗುಲಾಬಿ ಅಷ್ಟೇ ಕೆಂಪಗಿತ್ತು.

ನಾನು ಕುಣಿದಾಡಿದೆ. ಅಮ್ಮ ಮಾತ್ರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತಳು. ಅವಳ ಮುಖದಲ್ಲಿ ಅಂಥ ಭಯವನ್ನು ನಾನು ಕಂಡೇ ಇರಲಿಲ್ಲ.

"ಏನ್ರೀ ಇದು? ಭೂಮಿತಾಯಿ ಇದನ್ನ ಮುಟ್ಟೇ ಇಲ್ಲ. ಇದಕ್ಕೆ ಸಾವೇ ಇಲ್ವಾ?"

"ಬಿಸಿನೀರಲ್ಲಿ ತೊಳ್ದು ಅವಳಿಗೇ ಕೊಡು ಮಾರಾಯ್ತಿ" ಎಂದು ಅಪ್ಪ ನಕ್ಕರು. "ಅವಳ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ."

ಅಮ್ಮ ನಗದೆ ಬಟ್ಟಲನ್ನು ತೊಳೆದು ನನ್ನ ಕೈಗಿಟ್ಟಳು. ಅಂಗಡಿಗೆ ಹೋಗುವಾಗ ಬಟ್ಟೆ ಚೀಲದ ಜೊತೆ ಎಣ್ಣೆಗೊಂದು ಹಿಡಿಕೆಯ ತೂಕುಪಾತ್ರೆ ಒಯ್ಯುವ ರೂಢಿಯನ್ನು ಅವಳು ಕೊನೆಯವರೆಗೂ ಬಿಡಲಿಲ್ಲ.

ಅಪ್ಪ ಹೇಳಿದ್ದು ನಿಜವಾಯಿತು, ಮಕ್ಕಳೇ. ಜೆ.ಪಿ. ನಗರದ ನಮ್ಮ ಫ್ಲಾಟಿನಲ್ಲಿ ಅಕ್ಕಿ ಡಬ್ಬದೊಳಗಿನಿಂದ ನೀವು ಆಡಲು ತೆಗೆಯುತ್ತೀರಲ್ಲ, ಅಂಚು ಸೀಳಿದ ಬಟ್ಟಲು, ಅದೇ ಇದು. ಅಮ್ಮ ಅಪ್ಪ ಇಲ್ಲ, ಆ ಮನೆಯೂ ಇಲ್ಲ. ಇದು ಇದೆ.

ನಿನ್ನೆ ಮನೆಯಲ್ಲಿ ಹುಟ್ಟುಹಬ್ಬ ಮುಗಿದ ಮೇಲೆ ಲಿಫ್ಟಿನ ಪಕ್ಕ ಒಂದು ಕರೀ ಚೀಲ ಕಂಡೆ. ಅದರ ತುಂಬ ಪ್ಲಾಸ್ಟಿಕ್ ಐಸ್‌ಕ್ರೀಮ್ ಬಟ್ಟಲು. ನಾನೂ ಅಮ್ಮನ ಹಾಗೆಯೇ ಮೆಟ್ಟಿಲ ಮೇಲೆ ಕುಸಿದು ಕುಳಿತೆ. ನನ್ನ ಒಂದು ಬಟ್ಟಲು ನಿಮ್ಮವರೆಗೆ ಬಂತು. ಆ ಚೀಲ ಯಾರ ಮೊಮ್ಮಕ್ಕಳವರೆಗೆ ಹೋಗುತ್ತದೋ.

ಮುಂದಿನ ಸಲ ಅಟ್ಟದ ಮೇಲಿನ ಸ್ಟೀಲ್ ಬಟ್ಟಲು ಇಳಿಸಿಕೊಡಿ. ದೇವರ ದಯೆ, ತೊಳೆಯಲು ನನ್ನ ಕೈ ಇನ್ನೂ ಗಟ್ಟಿಯಾಗಿದೆ.